ಆರು ಡಬ್ಬಿ, ನಾಲ್ಕು ದಿನ

ಮೊದಲ ದಿನ: ಹುಬ್ಬಳ್ಳಿಯಿಂದ ವಿಜಯಪುರ

ಕಾರಿನ ಹಿಂದಿನ ಸೀಟಿನಲ್ಲಿ ಆರು ಬಿಸ್ಕತ್ತಿನ ಡಬ್ಬಿಗಳಿದ್ದವು, ಒಂದರಲ್ಲೂ ಬಿಸ್ಕತ್ತು ಇರಲಿಲ್ಲ. ಅಕ್ಕನ ಮಗನಿಗೆ ಇದು ಗೊತ್ತಾದದ್ದು ನವಲಗುಂದ ದಾಟಿದ ಮೇಲೆ. ಹಸಿವಾಗಿ ಹಿಂದಕ್ಕೆ ಕೈ ಚಾಚಿ ಒಂದರ ಮುಚ್ಚಳ ತೆಗೆಯಲು ಹೊರಟವನ ಮೇಲೆ ನಾನು ಕೂಗಿದ ಕೂಗಿಗೆ ಮುಂದೆ ಹೋಗುತ್ತಿದ್ದ ಹತ್ತಿಯ ಟ್ರ್ಯಾಕ್ಟರಿನವನೂ ತಿರುಗಿ ನೋಡಿದ.

ಡಬ್ಬಿಯ ಒಳಗೆಲ್ಲ ಕಪ್ಪು ಬಣ್ಣ. ಒಂದು ಬದಿಯಲ್ಲಿ ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡಿನ ಚೂರು, ಅದರಲ್ಲಿ ಸೂಜಿಯ ತುದಿಯಿಂದ ಚುಚ್ಚಿದ ತೂತು. ಎದುರು ಬದಿಗೆ ಅಂಟಿಸಿದ್ದು ಒಂದು ಹಾಳೆ ಫೋಟೊ ಕಾಗದ. ಲೆನ್ಸ್ ಇಲ್ಲ, ಗುಂಡಿ ಇಲ್ಲ. ತೂತಿನ ಮೇಲಿನ ಕಪ್ಪು ಟೇಪು ಎತ್ತಿ, ಬಿಸಿಲಿದ್ದರೆ ಒಂದೂವರೆ ನಿಮಿಷ ಎಣಿಸಿ, ಮತ್ತೆ ಅಂಟಿಸಿದರೆ ಒಂದು ಚಿತ್ರ. ಒಂದು ಡಬ್ಬಿಗೆ ಒಂದೇ ಹಾಳೆಯಾದ್ದರಿಂದ ದಿನಕ್ಕೆ ಆರೇ ಚಿತ್ರ. ಮೊಬೈಲಿನಲ್ಲಿ ನವಲಗುಂದ ಬರುವಷ್ಟರೊಳಗೆ ಎಪ್ಪತ್ತು ಫೋಟೊ ತೆಗೆದಿದ್ದ ಹುಡುಗನಿಗೆ ಇದು ಶಿಕ್ಷೆಯಂತೆ ಕೇಳಿಸಿತು.

ಈ ಹುಚ್ಚಿಗೆ ಕಾರಣ ಥಾಮಸ್ ಬಿಗ್ಸ್. ಬಾಂಬೆ ಆರ್ಟಿಲರಿಯ ಈ ಕ್ಯಾಪ್ಟನ್‌ನನ್ನು 1855ರಲ್ಲಿ ಸರ್ಕಾರ ಪಶ್ಚಿಮ ಭಾರತದ ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ವಿಜಯಪುರ, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಅವನು ಸುತ್ತಿದ. ಆಗ ಫಿಲ್ಮ್ ಎಂಬುದೇ ಇರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದಿದ್ದ ಪದ್ಧತಿಯಂತೆ ಬೆಳ್ಳಿಯ ಲವಣ ಹೀರಿದ ಕಾಗದವೇ ನೆಗೆಟಿವ್. ವರ್ಷ ತುಂಬುವಷ್ಟರಲ್ಲಿ ಸೈನ್ಯ ಬಿಗ್ಸ್‌ನನ್ನು ವಾಪಸು ಕರೆಸಿಕೊಂಡಿತು. ಕೆಲಸವನ್ನು ಮೊದಲು ಪಿಗೂ, ಆಮೇಲೆ ನೀಲ್ ಎಂಬ ವೈದ್ಯರು ಮುಂದುವರಿಸಿದರು. ಚಿತ್ರಗಳು ದೊಡ್ಡ ಸಂಪುಟಗಳಾಗಿ ಲಂಡನ್ನಿನಲ್ಲಿ ಹೊರಬಂದದ್ದು 1866ರಲ್ಲಿ. ಅವಕ್ಕೆ ಇತಿಹಾಸದ ಭಾಗ ಬರೆದವನು ನಮ್ಮ ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್.

ಒಂದು ವರ್ಷದಿಂದ ಆ ಕಾಲದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ. ಗುಮ್ಮಟವಿದೆ, ಶಿಖರವಿದೆ, ಕಲ್ಲಿನ ಜಾಲಂದ್ರದ ಒಂದೊಂದು ಕಣ್ಣೂ ಇದೆ. ಊರು ಮಾತ್ರ ಖಾಲಿ. ಹೊಲಕ್ಕೆ ಹೋಗುವವರು, ನೀರು ಹೊರುವವರು, ಎಮ್ಮೆ ಹೊಡೆಯುವವರು ಯಾರೂ ಇಲ್ಲ. ಎಲ್ಲೋ ಒಂದು ಕಡೆ ಒಬ್ಬ ಮನುಷ್ಯ ಕಂಬದ ಪಕ್ಕ ಕಂಬದಂತೆಯೇ ನಿಂತಿರುತ್ತಾನೆ. ಅವನನ್ನು ನಿಲ್ಲಿಸಿದ್ದು ಕಂಬದ ಎತ್ತರ ಓದುಗನಿಗೆ ತಿಳಿಯಲಿ ಎಂದು. ಉಳಿದವರು ಎಲ್ಲಿ ಹೋದರು ಎಂಬುದನ್ನು ಪುಸ್ತಕ ಓದಿ ತಿಳಿಯುವುದಕ್ಕಿಂತ ಡಬ್ಬಿ ಹಿಡಿದು ನೋಡುವುದೇ ಸರಿ ಎನ್ನಿಸಿತು.

ಕೊಲ್ಹಾರದ ಸೇತುವೆ ದಾಟುವಾಗ ಕೃಷ್ಣೆ ಹೊಳೆಯಂತೆ ಇರಲಿಲ್ಲ, ಕಣ್ಣು ಮುಟ್ಟುವವರೆಗೂ ಹಿನ್ನೀರು. ದಾಟಿದ ಮೇಲೆ ರಸ್ತೆಯ ಬದಿಯಲ್ಲಿ ಗಡಿಗೆ ಮೊಸರು ಕೊಂಡೆವು. ಕೊಲ್ಹಾರದ ಮೊಸರನ್ನು ಅಲ್ಲೇ ತಿಂದು ಮುಗಿಸುವುದು ಲೇಸು. ಉಳಿದದ್ದನ್ನು ರಾತ್ರಿಗೆ ಎಂದು ಇಟ್ಟುಕೊಂಡದ್ದು ಮೊದಲ ತಪ್ಪು. ವಿಜಯಪುರದ ಹೊರಗಿನ ರಸ್ತೆಯುಬ್ಬಿನಲ್ಲಿ ಗಡಿಗೆ ಉರುಳಿ, ಹಾಳೆ ತುಂಬುವ ಕತ್ತಲೆ ಚೀಲವೆಲ್ಲ ಮೊಸರಾಯಿತು. ಮುಂದಿನ ಮೂರು ದಿನವೂ ಅದರೊಳಗೆ ಕೈ ಹಾಕಿದಾಗೆಲ್ಲ ಕೊಲ್ಹಾರದ ನೆನಪು.

ಗೋಳಗುಮ್ಮಟದೊಳಗೆ ಡಬ್ಬಿ ಒಯ್ಯಲು ಧೈರ್ಯವಾಗಲಿಲ್ಲ. ಕಪ್ಪು ಟೇಪು ಸುತ್ತಿ, ತೂತಿರುವ ಡಬ್ಬಿಯನ್ನು ಜನಜಂಗುಳಿಯಲ್ಲಿ ಇಟ್ಟು ದೂರ ನಿಲ್ಲುವವನನ್ನು ಯಾರು ತಾನೇ ನಂಬುತ್ತಾರೆ? ಸ್ಮಾರಕಗಳೊಳಗೆ ಟ್ರೈಪಾಡ್‌ಗೂ ಮೊದಲೇ ಅನುಮತಿ ಬೇಕು. ಹಾಗಾಗಿ ಹೊರಗೆ, ರಸ್ತೆಯ ಈಚೆ ಒಂದು ಇಟ್ಟಿಗೆಯ ಮೇಲೆ ಇಟ್ಟೆವು. ಎದುರಿಗೆ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿ, ಹೊರಗಿನಿಂದ ಸುಮಾರು 44 ಮೀಟರ್ ಅಡ್ಡಳತೆಯ ಗುಮ್ಮಟ. ಮುಂದೆ ಒಂದು ಟಾಂಗಾ.

ಟಾಂಗಾದ ಕಾಕಾನಿಗೆ ವಿಷಯ ಹೇಳಿ, ಒಂದೂವರೆ ನಿಮಿಷ ಅಲುಗಾಡಬೇಡಿ ಎಂದು ಕೇಳಿಕೊಂಡೆ. ಅವರು ಬೀಡಿ ಆರಿಸಿ, ಟೋಪಿ ಸರಿಮಾಡಿಕೊಂಡು, "ನಾನೇನೋ ನಿಲ್ಲುತ್ತೇನೆ. ಕುದುರೆಗೆ ನೀವೇ ಹೇಳಿ" ಎಂದರು.

ರಾತ್ರಿ ವಸತಿಗೃಹದ ಬಚ್ಚಲಿನ ಕಿಟಕಿಗೆ ಹೊದಿಕೆ ಕಟ್ಟಿ, ಸೈಕಲ್ಲಿನ ಹಿಂದಿನ ಕೆಂಪು ದೀಪ ಹಚ್ಚಿ, ಮೂರು ಪ್ಲಾಸ್ಟಿಕ್ ತಾಟುಗಳಲ್ಲಿ ರಸಾಯನ ಸುರಿದು ಹಾಳೆ ತೊಳೆದೆವು. ನಲ್ಲಿಯ ನೀರು ಸವಳು, ಮೊದಲ ಎರಡು ಹಾಳೆಗೆ ಬಿಳಿ ಚುಕ್ಕಿ ಬಂತು. ಆಮೇಲೆ ಕುಡಿಯುವ ನೀರಿನ ಕ್ಯಾನು ತರಿಸಿದೆವು. ಯಾರಾದರೂ ಈ ಕೆಲಸಕ್ಕೆ ಈ ಸೀಮೆಗೆ ಬಂದರೆ ಕ್ಯಾನನ್ನೇ ನಂಬಲಿ. ಕಾಗದದ ಮೇಲೆ ಮೂಡುವುದು ಬಿಳಿ ಕಪ್ಪಾದ, ಕಪ್ಪು ಬಿಳಿಯಾದ ಚಿತ್ರ. ಅದನ್ನು ಮೊಬೈಲಿನಲ್ಲಿ ಹಿಡಿದು ತಿರುವುಮುರುವು ಮಾಡಿದರೆ ನೆಟ್ಟಗಾಗುತ್ತದೆ.

ಗುಮ್ಮಟ ಬಂದಿತ್ತು. ಟಾಂಗಾದ ಗಾಲಿಯ ಅರಗಳನ್ನು ಎಣಿಸಬಹುದಿತ್ತು. ಕಾಕಾ ಶಿಲೆಯಂತೆ ಕೂತಿದ್ದರು. ಕುದುರೆಯ ನಾಲ್ಕು ಕಾಲು, ಹೊಟ್ಟೆ, ಬೆನ್ನು ಎಲ್ಲ ಸರಿಯಾಗಿತ್ತು. ಕುತ್ತಿಗೆಯ ಮುಂದೆ ತಲೆಯಿರುವ ಜಾಗದಲ್ಲಿ ಒಂದು ಹಿಡಿ ಹೊಗೆ. ಆ ಒಂದೂವರೆ ನಿಮಿಷದಲ್ಲಿ ರಸ್ತೆಯಲ್ಲಿ ಮೂರು ಬಸ್ಸು, ಒಂದು ಶಾಲೆಯ ಮಕ್ಕಳ ಸಾಲು, ಲೆಕ್ಕವಿಲ್ಲದಷ್ಟು ಬೈಕು ಹೋಗಿದ್ದವು. ಚಿತ್ರದಲ್ಲಿ ರಸ್ತೆ ತೊಳೆದಿಟ್ಟಂತಿತ್ತು.

"ಮಾಮಾ, ಎಲ್ಲರೂ ಎಲ್ಲಿ?" ಎಂದು ಕೇಳಿದ ಅಳಿಯ. ನನ್ನ ಒಂದು ವರ್ಷದ ಪ್ರಶ್ನೆ ಅವನಿಗೆ ಒಂದೇ ದಿನದಲ್ಲಿ ಹುಟ್ಟಿತ್ತು.

ಎರಡನೆಯ ದಿನ: ಕಲಾದಗಿಯ ದಾರಿಯಲ್ಲಿ ಎಳ್ಳಮಾವಾಸ್ಯೆ

ಬೆಳಗ್ಗೆ ಸುಸಲಾ, ಮಿರ್ಚಿ. ಇಬ್ರಾಹಿಂ ರೋಜಾಕ್ಕೆ ಆರೂವರೆಗೇ ಹೋದದ್ದರಿಂದ ನಾವು, ಗಿಳಿಗಳು ಮತ್ತು ಕಸ ಗುಡಿಸುವ ಅಕ್ಕ ಮಾತ್ರ. ಮಂಜಿನ ತೆಳುವಾದ ಪರದೆ ಮಿನಾರುಗಳ ಬುಡಕ್ಕೆ ಸುತ್ತಿಕೊಂಡಿತ್ತು. ಹೆಚ್ಚು ಹೊತ್ತು ನಿಲ್ಲಲಿಲ್ಲ, ನನಗೆ ಕಲಾದಗಿ ನೋಡುವ ಅವಸರ.

ಈಗ ಬಾಗಲಕೋಟೆ ಜಿಲ್ಲೆಯ ಒಂದು ಊರಾದ ಕಲಾದಗಿ ಒಂದು ಕಾಲಕ್ಕೆ ಜಿಲ್ಲಾಕೇಂದ್ರ. ಈ ಸೀಮೆಗೆಲ್ಲ ಕಲಾದಗಿ ಜಿಲ್ಲೆ ಎಂದೇ ಹೆಸರು. ಕಚೇರಿಗಳು ವಿಜಯಪುರಕ್ಕೆ ಹೋದದ್ದು 1885ರಲ್ಲಿ. ಪುರಾತತ್ವ ಸರ್ವೇಕ್ಷಣೆಯ ಜೇಮ್ಸ್ ಬರ್ಜೆಸ್ ಪಶ್ಚಿಮ ಭಾರತದಲ್ಲಿ ಮೊದಲ ಹಂಗಾಮು ಕಳೆದದ್ದು 1874ರಲ್ಲಿ, ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲೇ. ಸುಗ್ಗಿಯ ಕಾಲವದು. ಗುಡಿಗಳ ಚಿತ್ರ ತೆಗೆಯುತ್ತಿದ್ದವರ ಬೆನ್ನ ಹಿಂದೆ ಜೋಳದ ರಾಶಿ ನಡೆಯುತ್ತಿದ್ದಿರಬೇಕು.

ಗದ್ದನಕೇರಿ ಕ್ರಾಸಿನಲ್ಲಿ ಬಲಕ್ಕೆ ತಿರುಗಿದ ಮೇಲೆ ರಸ್ತೆಯಲ್ಲಿ ಸಂಚಾರವೇ ಬದಲಾಯಿತು. ಟ್ರ್ಯಾಕ್ಟರು, ಚಕ್ಕಡಿ, ಬೈಕು, ಎಲ್ಲದರ ಮೇಲೂ ಹೊಸ ಸೀರೆ, ಬುಟ್ಟಿ, ಮಕ್ಕಳು. ಎಲ್ಲರೂ ಊರು ಬಿಟ್ಟು ಹೊಲಕ್ಕೆ. ಎಳ್ಳಮಾವಾಸ್ಯೆ ಎಂಬುದು ನಮಗೆ ಆಗ ಹೊಳೆಯಿತು. ತೆನೆ ಕಟ್ಟುವ ಹೊತ್ತಿನ ಹೊಲ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬ. ಎರೆ ಹೊಲದಲ್ಲಿ ಎದೆಮಟ್ಟದ ಬಿಳಿಜೋಳ ಗಾಳಿಗೆ ಒಂದೇ ಸಮನೆ ಸರಸರ ಎನ್ನುತ್ತಿತ್ತು.

ಒಂದು ಬನ್ನಿ ಮರದ ನೆರಳಿಗೆ ಕಾರು ನಿಲ್ಲಿಸಿ ದಾರಿಯ ಚಿತ್ರ ತೆಗೆಯೋಣ ಎಂದುಕೊಂಡೆವು. ಆ ನೆರಳು ಬೇರೆಯವರದ್ದಾಗಿತ್ತು. ಮರದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಪಾಂಡವರು. ಅವುಗಳ ಮುಂದೆ ಎಡೆ. ಕ್ಷಮಿಸಿ ಎಂದು ಕಾರು ತೆಗೆಯಲು ಹೋದರೆ ಮನೆಯ ಹಿರಿಯವ್ವ ಬಿಡಲಿಲ್ಲ. ಹಬ್ಬದ ದಿನ ಹೊಲಕ್ಕೆ ಬಂದವರು ಉಣ್ಣದೆ ಹೋಗುವುದುಂಟೇ ಎಂದು ಗದರಿದರು.

ಮೊದಲು ಚರಗ. ಮನೆಯ ಮಗ ಎಲ್ಲ ಅಡುಗೆಯನ್ನೂ ಒಂದು ಬುಟ್ಟಿಯಲ್ಲಿ ಕಲಸಿ, ಹೊಲದ ಸುತ್ತ ನಡೆಯುತ್ತಾ ಹಿಡಿ ಹಿಡಿಯಾಗಿ ಜೋಳದ ಮೇಲೆ ಚೆಲ್ಲುತ್ತಾ ಹೋದ. ಹಿಂದೆ ಇನ್ನೊಬ್ಬ ತಂಬಿಗೆಯಿಂದ ನೀರು ಬಿಡುತ್ತಿದ್ದ. ಅವರು ಕೂಗುವ ಕೂಗು ಪಕ್ಕದ ಹೊಲಕ್ಕೆ ಕೇಳಿ, ಅಲ್ಲಿಂದ ಅದೇ ಕೂಗು ಮರಳಿ ಬರುತ್ತಿತ್ತು. ಇದನ್ನು ಡಬ್ಬಿಗೆ ಹಿಡಿಯಲು ನೋಡಿದೆ. ರಾತ್ರಿ ತೊಳೆದಾಗ ಬಂದದ್ದು ಜೋಳದ ಬದಲು ಮಂಜು, ಒಂದು ದಿಬ್ಬ, ಖಾಲಿ ಆಕಾಶ. ಇಬ್ಬರು ಗಂಡಸರು ನಡೆದದ್ದರ ಗುರುತು ಒಂದು ಎಳೆಯಷ್ಟೂ ಇರಲಿಲ್ಲ. 1855ರ ಹೊಲಗಳೂ ಹೀಗೆಯೇ ಖಾಲಿಯಾದವು. ಬಿತ್ತುವವನು, ಕಳೆ ಕೀಳುವವಳು, ಚರಗ ಚೆಲ್ಲುವವನು ಎಲ್ಲರೂ ಕ್ಯಾಮೆರಾದ ಎದುರೇ ಇದ್ದು, ದುಡಿಯುತ್ತಿದ್ದ ತಪ್ಪಿಗೆ ಚಿತ್ರದಿಂದ ಅಳಿಸಿಹೋದರು.

ಊಟದ್ದು ಬೇರೆಯೇ ಕಥೆ. ಎಳ್ಳು ಹಚ್ಚಿದ ಸಜ್ಜೆಯ ಕಟಿ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ಭಜ್ಜಿ, ಕಡುಬು, ಮೇಲೆ ಮಜ್ಜಿಗೆ ಬೆರೆಸಿದ ಅಂಬಲಿ. ಭಜ್ಜಿ ಎಂದರೆ ಕರಿದದ್ದಲ್ಲ. ಸೊಪ್ಪು, ಕಾಳು, ಹಸಿ ಮೆಣಸಿನಕಾಯಿ ಎಲ್ಲ ಕೂಡಿ ಬೆಂದ, ಹೆಸರಿಡಲಾಗದ ರುಚಿಯ ಮುದ್ದೆಪಲ್ಯ. ಸಜ್ಜೆ ರೊಟ್ಟಿಯ ಅಂಚು ಮುರಿದಾಗ ಬರುವ ಸಪ್ಪಳಕ್ಕೇ ಅರ್ಧ ಹೊಟ್ಟೆ ತುಂಬುತ್ತದೆ.

ಎಲ್ಲರೂ ಊಟಕ್ಕೆ ಕೂತಾಗ ಕೊನೆಯ ಡಬ್ಬಿಯನ್ನು ಬದುವಿನ ಮೇಲೆ ಇಟ್ಟು ಟೇಪು ಎತ್ತಿದೆ. ಆರು ಜನ, ನಡುವೆ ಅಜ್ಜ. ಅಳಿಯ ಗಡಿಯಾರ ನೋಡಿ ಎಣಿಸಬೇಕಿತ್ತು. ಐವತ್ತಕ್ಕೆ ಬರುವಷ್ಟರಲ್ಲಿ ಅವ್ವ, "ಬಾ ತಮ್ಮಾ, ಕಡುಬು ಆರುತ್ತದೆ" ಎಂದರು. ಅವನು ಎಣಿಕೆಯನ್ನು ನನಗೆ ಒಪ್ಪಿಸಿ ಹೋಗಿ ಕೂತುಬಿಟ್ಟ.

ಹೊರಡುವಾಗ ಚೀಲ ತುಂಬ ಕಲಾದಗಿಯ ಚಿಕ್ಕು ಕೊಟ್ಟರು. ಹಳೆಯ ಜಿಲ್ಲಾಕೇಂದ್ರದಲ್ಲಿ ನಾನು ನೋಡಬೇಕೆಂದಿದ್ದ ಕಟ್ಟಡಗಳನ್ನು ಸಂಜೆಯ ಮಬ್ಬಿನಲ್ಲಿ ಕಾರಿನಿಂದಲೇ ನೋಡಿದ್ದಾಯಿತು. ಬೇಸರವೇನೂ ಆಗಲಿಲ್ಲ. ರಾತ್ರಿ ಬಾದಾಮಿ. ಅಮಾವಾಸ್ಯೆಯ ಕತ್ತಲಿಗೆ ಕರೆಂಟು ಹೋದದ್ದೂ ಸೇರಿ, ಬಚ್ಚಲಿಗೆ ಹೊದಿಕೆ ಕಟ್ಟುವ ಕೆಲಸ ತಪ್ಪಿತು.

ಮೂರನೆಯ ದಿನ: ಬಾದಾಮಿ

ಬಾದಾಮಿಯ ಮಂಗಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಯಾರೂ ಕೇಳುವುದಿಲ್ಲ. ಐದು ಡಬ್ಬಿಗಳಿಗೆ ಪೂರ್ತಿ ಕಪ್ಪು ಟೇಪು ಸುತ್ತಿದ್ದೆ. ಆರನೆಯದಕ್ಕೆ ಟೇಪು ಸಾಲದೆ ಒಂದು ಬದಿಯಲ್ಲಿ ಬಿಸ್ಕತ್ತಿನ ಚಿತ್ರ ಹಾಗೆಯೇ ಉಳಿದಿತ್ತು. ಕೆರೆಯ ದಂಡೆಯ ಮೇಲೆ ಇಟ್ಟು ಎಣಿಸತೊಡಗಿದ್ದೆವಷ್ಟೆ. ಗೋಡೆಯಿಂದ ಇಳಿದ ಗಡವ ಒಂದು ಡಬ್ಬಿ ಎತ್ತಿಕೊಂಡು, ಗುಡಿಯ ಮೆಟ್ಟಿಲ ಮೇಲೆ ಕೂತು ಮುಚ್ಚಳ ಕಿತ್ತಿತು. ಒಳಗಿನ ಕಾಗದವನ್ನು ಮೂಸಿತು. ಅದರ ಮುಖದಲ್ಲಿ ಕಂಡ ನಿರಾಸೆಯನ್ನು ನಾನು ಜನ್ಮದಲ್ಲಿ ಮರೆಯಲಾರೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನಕ್ಕರು. ಡಬ್ಬಿ ಸಿಕ್ಕಿತು, ಮುಚ್ಚಳ ಕೆರೆಗೆ.

ಉಳಿದ ಐದರಲ್ಲಿ ಒಂದನ್ನು ಬಂಡೆಯ ಬುಡಕ್ಕೆ ಒಯ್ದೆವು. ಚಾಲುಕ್ಯರ ಮಂಗಳೇಶ ಮಾಡಿಸಿದ, 578ರ ಶಾಸನವಿರುವ ಮೂರನೆಯ ಗುಹೆ ಇರುವುದು ಇದೇ ಬೆಟ್ಟದಲ್ಲಿ, ಬೆಳಗಿನ ಬಿಸಿಲಿಗೆ ಬಂಡೆ ಕೆಂಡದಂತೆ ಕೆಂಪು. ಬೆಟ್ಟದ ಕೆಳಗೆ ಆಡು ಕಾಯುತ್ತಿದ್ದ ಒಬ್ಬ ಅಜ್ಜ ಧೋತರ, ಅಂಗಿ, ಬಿಳಿ ಪಟಗ ಉಟ್ಟು ಕೋಲಿಗೆ ಗದ್ದ ಊರಿ ನಿಂತಿದ್ದರು. ಕೇಳಿದಾಗ, ನಿಲ್ಲುವುದೇ ನನ್ನ ಕೆಲಸ, ನಿಲ್ಲುತ್ತೇನೆ ಎಂದರು. ನಿಂತರು ಕೂಡ, ಒಂದು ರೆಪ್ಪೆಯೂ ಅಲುಗದಂತೆ.

ಆ ರಾತ್ರಿಯ ಚಿತ್ರ ನನ್ನನ್ನು ತುಂಬ ಹೊತ್ತು ಕೂಡಿಸಿಕೊಂಡಿತು. ಕೆಂಪು ಬಂಡೆ ಇದ್ದಿಲಿನಂತೆ ಕಪ್ಪಾಗಿತ್ತು. ಆಡುಗಳು ಇರಲೇ ಇಲ್ಲ. ಕಪ್ಪಿನ ನಡುವೆ ಒಂದು ಪಟಗ, ಒಂದು ಅಂಗಿ, ಒಂದು ಧೋತರ ಬೆಳ್ಳಗೆ ನಿಂತಿದ್ದವು. ಮುಖ ಇರಬೇಕಾದಲ್ಲಿ ಬಂಡೆಯೇ ಮುಂದುವರಿದಿತ್ತು.

ಅಲುಗಿದ್ದರಿಂದ ಆದದ್ದಲ್ಲ ಇದು. ಈ ಕಾಗದಕ್ಕೆ ನೀಲಿ ಬೆಳಕು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಅದಕ್ಕೇ ಕೆಂಪು ದೀಪದಲ್ಲಿ ಅದನ್ನು ತೊಳೆಯಬಹುದು. ಬಿಗ್ಸ್‌ನ ಕಾಗದಕ್ಕೂ, ಆಮೇಲೆ ಬಂದ ಗಾಜಿನ ಹಲಗೆಗಳಿಗೂ ಇದೇ ಕುರುಡು. ನೀಲಿ ಆಕಾಶ ಮೋಡದ ಸುಳಿವೂ ಇಲ್ಲದಂತೆ ಬಿಳಿಯಾಗುತ್ತಿತ್ತು, ಕೆಮ್ಮಣ್ಣು ಕಪ್ಪಾಗುತ್ತಿತ್ತು, ಬಿಸಿಲಿಗೆ ಕಂದಿದ ಮೈಬಣ್ಣ ಇನ್ನೂ ಕಪ್ಪಾಗಿ ಕಣ್ಣು ಮೂಗು ಅಳಿಸಿಹೋಗುತ್ತಿದ್ದವು. ಹಳೆಯ ಚಿತ್ರಗಳಲ್ಲಿ ನಮ್ಮ ಹಳ್ಳಿಯವರೆಲ್ಲ ಒಂದೇ ತರಹ, ಗಂಟುಮುಖದ ನೆರಳುಗಳಂತೆ ಯಾಕೆ ಕಾಣುತ್ತಾರೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ. ಇನ್ನರ್ಧ ಉತ್ತರ ರಸಾಯನದಲ್ಲಿಲ್ಲ. 1868ರಿಂದ 1875ರವರೆಗೆ ಸರ್ಕಾರ ಎಂಟು ಸಂಪುಟಗಳಲ್ಲಿ ಭಾರತದ ಜನರ ಚಿತ್ರ ಪ್ರಕಟಿಸಿದಾಗ ಚಿತ್ರದ ಕೆಳಗೆ ಮುಖ್ಯವಾದದ್ದು ಜಾತಿ, ಬುಡಕಟ್ಟು. ನಿಂತವರ ಹೆಸರು ಕೇಳುವ ತೊಂದರೆಯನ್ನು ಹೆಚ್ಚಾಗಿ ಯಾರೂ ತೆಗೆದುಕೊಳ್ಳಲಿಲ್ಲ.

ಹಾಗೆಂದು ಇಂಗ್ಲೆಂಡಿನ ಹಳ್ಳಿಗರ ಪಾಡು ಬೇರೆ ಎಂದಲ್ಲ. ಅಲ್ಲಿ ಪೀಟರ್ ಹೆನ್ರಿ ಎಮರ್ಸನ್ ಎಂಬ ವೈದ್ಯ ವೃತ್ತಿ ಬಿಟ್ಟು ನಾರ್ಫೋಕ್ ಜೌಗು ಸೀಮೆಗೆ ಹೋಗಿ, ಜೊಂಡು ಕೊಯ್ಯುವವರನ್ನು, ಮೀನುಗಾರರನ್ನು ಚಿತ್ರಿಸಿ 1886ರಲ್ಲಿ ನಲವತ್ತು ಪ್ಲಾಟಿನಂ ಮುದ್ರಣಗಳ ಸಂಪುಟ ತಂದ. ಕಣ್ಣಿಗೆ ಹಬ್ಬ ಆ ಚಿತ್ರಗಳು. ಮಂಜು, ನೀರು, ದೋಣಿ, ದುಡಿಯುವ ಮೈ. ಆದರೆ ದುಡಿಮೆಯನ್ನು ಕ್ಯಾಮೆರಾಕ್ಕಾಗಿ ಒಂದು ಗಳಿಗೆ ನಿಲ್ಲಿಸಬೇಕಿತ್ತು. ಅವನಾದರೂ ಹೊಲ ಗದ್ದೆಯನ್ನೇ ಹುಡುಕಿಕೊಂಡು ಹೋದ. ನಮ್ಮ ಕಡೆಗೆ ಬಂದವರು ಗುಡಿ ಹುಡುಕಿಕೊಂಡು ಬಂದರು. ಹೊಲ ಚೌಕಟ್ಟಿನ ಅಂಚಿನಲ್ಲಿ ತಾನಾಗಿ ಬಿದ್ದದ್ದು.

ಅಜ್ಜನ ಹೆಸರು ನಾನೂ ಕೇಳಿರಲಿಲ್ಲ. ಇದು ನೆನಪಾದದ್ದು ರಾತ್ರಿ ಹನ್ನೊಂದಕ್ಕೆ, ಚಿತ್ರ ಮಾಸದಂತೆ ನಿಲ್ಲಿಸುವ ಫಿಕ್ಸರ್ ದ್ರಾವಣದಲ್ಲಿ ಕೈ ಇಟ್ಟುಕೊಂಡು. ಬೆಳಗ್ಗೆ ಮತ್ತೆ ಬೆಟ್ಟದ ಬುಡಕ್ಕೆ ಹೋದೆವು. ಆಡುಗಳು ಬೇರೆ ದಿಕ್ಕಿಗೆ ಮೇಯಲು ಹೋಗಿದ್ದವು.

ನಾಲ್ಕನೆಯ ದಿನ: ಬನಶಂಕರಿ, ಪಟ್ಟದಕಲ್ಲು, ಐಹೊಳೆ

ಬನಶಂಕರಿಯಲ್ಲಿ ಜಾತ್ರೆಗೆ ಇನ್ನೂ ಸುಮಾರು ಎರಡು ವಾರ, ಅಂಗಡಿಗಳ ಗಳ ನೆಡುತ್ತಿದ್ದರು. ಗುಡಿಯ ಹೊರಗೆ ಬುಟ್ಟಿ ಹೊತ್ತ ಅವ್ವಂದಿರು ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮೊಸರು ಮಾರುತ್ತಾರೆ. ಹೋಟೆಲು ಹುಡುಕುವ ಗೋಜು ಬೇಡ, ಮರದ ಕೆಳಗೆ ಕೂತರೆ ಅವರೇ ಬರುತ್ತಾರೆ. ಎರಡನೆಯ ರೊಟ್ಟಿ ಬೇಡ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ ಎಂಬುದನ್ನು ತಿಳಿದೇ ಕೂರಬೇಕು.

ಪಟ್ಟದಕಲ್ಲು 1987ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ, ಹುಲ್ಲುಹಾಸು ಕತ್ತರಿಸಿ ಒಪ್ಪ ಮಾಡಿದ್ದಾರೆ. ನೋಡಿದೆವು, ಮಲಪ್ರಭೆಯಲ್ಲಿ ಕಾಲು ತೊಳೆದೆವು, ಮುಂದೆ ನಡೆದೆವು.

ಐಹೊಳೆಯಲ್ಲಿ ಊರೂ ಗುಡಿಗಳೂ ಇನ್ನೂ ಒಂದರ ಭುಜಕ್ಕೊಂದು ತಾಗಿಕೊಂಡೇ ಇವೆ. ಕೆಲವು ಗುಡಿಗಳ ಹೆಸರು ಕೇಳಿದರೆ ಊರಿನ ಓಣಿಯ ಹೆಸರು ಕೇಳಿದಂತೆ: ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ. ಲಾಡ್ ಖಾನ್ ಎಂಬವನು ವಾಸವಿದ್ದದ್ದಕ್ಕೆ ಶಿವನ ಗುಡಿ ಲಾಡ್ ಖಾನ್ ಗುಡಿಯಾಯಿತು. ದುರ್ಗದ ಗುಡಿಗೆ ದುರ್ಗೆಯ ಸಂಬಂಧವಿಲ್ಲ, ಕೋಟೆಗೆ ಅಂಟಿಕೊಂಡಿದ್ದರಿಂದ ದುರ್ಗ. ಮೇಲೆ ಗುಡ್ಡದ ಮೇಗುತಿ ಬಸದಿಯ 634ರ ಶಾಸನದಲ್ಲಿ ಕವಿ ರವಿಕೀರ್ತಿ ಪುಲಕೇಶಿಯನ್ನು ಎಷ್ಟು ಹೊಗಳಿದರೂ, ಕೆಳಗೆ ಉಳಿದದ್ದು ಬಡಿಗೇರರ ಹೆಸರು. ಚಿತ್ರ ತೆಗೆಯಲು ಬಂದವರು ಜನರನ್ನು ಚೌಕಟ್ಟಿನಿಂದ ಆಚೆ ಸರಿಸಿ, ಅಡಿಬರಹದಲ್ಲಿ ಅವರ ಹೆಸರನ್ನೇ ಬರೆದುಕೊಂಡು ಹೋದರು.

ಒಂದು ಚಿಕ್ಕ ಗುಡಿಯ ಪಕ್ಕದ ಕಟ್ಟೆಯ ಮೇಲೆ ಅಕ್ಕ ಒಬ್ಬರು ಮೊರದಲ್ಲಿ ಕಡಲೆ ಕೇರುತ್ತಿದ್ದರು. ತಮ್ಮ ಅತ್ತೆಯ ಅತ್ತೆ ಇದೇ ಗುಡಿಯೊಳಗೆ ಸಂಸಾರ ಮಾಡಿದವರೆಂದು, ಒಲೆ ಇದ್ದ ಮೂಲೆಯನ್ನು ಬೆರಳು ಮಾಡಿ ತೋರಿಸಿದರು. ಆ ಮೂಲೆಯ ಮೇಲಿನ ಕಲ್ಲು ಉಳಿದದ್ದಕ್ಕಿಂತ ಕಪ್ಪಾಗಿತ್ತು. ಹೊಗೆಯೋ, ನನ್ನ ಆಸೆಯೋ. ಅವರ ಹೆಸರು ಕೇಳಿ ಬರೆದುಕೊಂಡೆ. ಕೇರುವುದನ್ನು ನಿಲ್ಲಿಸಬೇಡಿ ಎಂದು ಹೇಳಿ ಟೇಪು ಎತ್ತಿದೆ. ಈಗ ಆ ಚಿತ್ರ ನನ್ನ ಮೇಜಿನ ಮೇಲಿದೆ. ಕೂತ ಮೈ ಇದೆ, ಸೀರೆಯ ನೆರಿಗೆ ಇದೆ. ಮೊರ, ಎರಡು ಕೈ ಸೇರಿ ಮಡಿಲಲ್ಲಿ ಒಂದು ಬಿಳಿ ಮೋಡವಾಗಿವೆ. ಅದರ ಒಂದು ಪ್ರತಿಯನ್ನು ಅವರಿಗೆ ಅಂಚೆಗೆ ಹಾಕಿದ್ದೇನೆ.

ಮನೆಗೆ ಬಂದು ವಾರದ ಮೇಲೆ ಕಲಾದಗಿಯ ದಾರಿಯ ಹೊಲದ ಚಿತ್ರವನ್ನು ಆ ಮನೆಯ ಮಗನ ಮೊಬೈಲಿಗೆ ಕಳುಹಿಸಿದೆ. ಬನ್ನಿ ಮರದ ಕೆಳಗೆ ಅಜ್ಜ ಮಾತ್ರ ಸ್ಪಷ್ಟ, ಬಹುಶಃ ಉಣ್ಣುತ್ತಲೇ ತೂಕಡಿಸಿದ್ದರು. ಉಳಿದವರ ಮೈ ಇದೆ, ಕೈ ಬಾಯಿಗಳು ಹೊಗೆ. ಸಂಜೆ ಫೋನು ಬಂತು. ನಾವು ಆರು ಜನ ಕೂತಿದ್ದೆವು, ಅಜ್ಜನ ಎಡಕ್ಕೆ ಮರದ ಕಾಂಡ ಆರಪಾರ ಕಾಣುವಂತೆ ಏಳನೆಯವರು ಯಾರೋ ಕೂತಿದ್ದಾರೆ, ಮನೆಯಲ್ಲಿ ಹೆಂಗಸರು ಗಾಬರಿಯಾಗಿದ್ದಾರೆ ಎಂದರು.

ಅದು ನಮ್ಮ ಹುಡುಗ, ಎಣಿಕೆಯ ನಡುವೆ ಬಂದು ಕೂತದ್ದಕ್ಕೆ ಅರ್ಧವೇ ಮೂಡಿದ್ದಾನೆ ಎಂದು ವಿವರಿಸಿದೆ. ಅವರು ಫೋನು ದೂರ ಹಿಡಿದು ಅವ್ವನಿಗೆ ಅದನ್ನೇ ಹೇಳಿದ್ದು ಕೇಳಿಸಿತು. ಅವ್ವನ ಉತ್ತರವೂ ಕೇಳಿಸಿತು:

"ಊಟ ಪೂರ್ತಿ ಮಾಡಿದನಲ್ಲ!"